ನಾಲ್ಕು ಬಿಡು

ಮೇ ತಿಂಗಳ ಎರಡನೆಯ ಶನಿವಾರ ಟ್ರೆಂಟ್ ಲುಂಡೀನ್ ಮನೆಯ ಮುಂದಿನ ಹುಲ್ಲನ್ನು ಎರಡು ಸಲ ಕತ್ತರಿಸಿದ. ಬೆಳಿಗ್ಗೆ ಒಂಬತ್ತಕ್ಕೆ ಒಂದು ಸಲ. ಊಟ ಮುಗಿಸಿ, ಟೋಪಿ ಹಾಕಿಕೊಂಡು, ಯಂತ್ರಕ್ಕೆ ಪೆಟ್ರೋಲು ತುಂಬಿಸಿ, ಎರಡು ಗಂಟೆಗೆ ಇನ್ನೊಂದು ಸಲ. ಎರಡನೆಯ ಸಲ ಕತ್ತರಿಸಲು ಅಲ್ಲಿ ಏನಿತ್ತು ಮಣ್ಣು? ಆದರೂ ಅವನು ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ ಬೆವರು ಒರೆಸಿಕೊಳ್ಳುತ್ತ ಗೆರೆ ಹಿಡಿದ ಹಾಗೆ ನಡೆದಾಡಿದ.

ವರಾಂಡದಲ್ಲಿ ಕೂತು ಎರಡು ಸಲವೂ ನೋಡಿದವನು ಅವನ ಅಪ್ಪ ವೆಂಡಲ್. ವಯಸ್ಸು ಅರವತ್ತೆಂಟು. ಅಯೋವಾದ ಒಂದು ಸಣ್ಣ ಊರಿನ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಅಮೆರಿಕನ್ ಫುಟ್‌ಬಾಲ್ ಕಲಿಸಿದವನು. ಹೆಂಡತಿ ಹೋದ ಮೇಲೆ, ಸೊಂಟದ ಆಪರೇಷನ್ ಆದ ಮೇಲೆ, ಮಗನ ಮನೆಯ ಗ್ಯಾರೇಜಿನ ಪಕ್ಕದ ಕೋಣೆಗೆ ಬಂದು ಮೂರು ವರ್ಷವಾಗಿತ್ತು.

"ಏನೋ ಮಗಾ, ಹುಲ್ಲಿನ ಮೇಲೆ ಅಷ್ಟೊಂದು ಸಿಟ್ಟು? ಬೆಳಿಗ್ಗೆ ಬೋಳಿಸಿದ್ದು ಸಾಲಲಿಲ್ವಾ?" ಎಂದು ಕೂಗಿದ.

ಟ್ರೆಂಟ್ ಯಂತ್ರ ನಿಲ್ಲಿಸಿದ. ಹುಲ್ಲು ನೋಡಿದ, ಅಪ್ಪನನ್ನು ನೋಡಿದ. "ಬೆಳಿಗ್ಗೆ ಅರ್ಧ ತಾನೇ ಆಗಿದ್ದು?" ಅಂದ.

ಅರ್ಧವಲ್ಲ, ಪೂರ್ತಿ ಆಗಿತ್ತು. ವೆಂಡಲ್ ಕಾಫಿ ಹಿಡಿದುಕೊಂಡು ಕೊನೆಯ ಗೆರೆಯವರೆಗೂ ನೋಡಿದ್ದ. ಒಳಗೆ ಅಡುಗೆಮನೆಯ ಕಿಟಕಿಯಲ್ಲಿ ಸೊಸೆ ಡೇನಾ ನಿಂತಿದ್ದಳು. ಅವಳ ಕೈಯಲ್ಲಿ ಅರ್ಧ ಸುಲಿದ ಆಲೂಗಡ್ಡೆ ಹಾಗೇ ಇತ್ತು.

ಟ್ರೆಂಟ್ ಅದೇ ಆಟದ ವೃತ್ತಿಪರ ಆಟಗಾರ; ಅವನು ನಿಲ್ಲುವ ಜಾಗಕ್ಕೆ ಟೈಟ್ ಎಂಡ್ ಅನ್ನುತ್ತಾರೆ. ಒಂಬತ್ತು ವರ್ಷದಿಂದ ಒಂದೇ ತಂಡ, ಒಂದೇ ಜಾಗ. ಆ ಜಾಗದ ಹಣೆಬರಹವೇ ವಿಚಿತ್ರ. ಒಂದು ಸಲ ಸಾಲಿನ ತುದಿಯಲ್ಲಿ ಬಗ್ಗಿ ನಿಂತು, ಮುನ್ನೂರು ಪೌಂಡಿನ ಆಸಾಮಿಗೆ ಡಿಕ್ಕಿ ಹೊಡೆದು ಪಕ್ಕಕ್ಕೆ ತಳ್ಳಬೇಕು. ಮುಂದಿನ ಸಲ ಅದೇ ಮನುಷ್ಯ ಓಡಿಹೋಗಿ, ಬೆನ್ನ ಹಿಂದೆ ಯಾರು ನುಗ್ಗಿ ಬರುತ್ತಿದ್ದಾರೆಂದು ನೋಡದೆ, ಚೆಂಡು ಹಿಡಿಯಬೇಕು. "ಸೋಫಾ ಹೊತ್ತು ತರೋನೂ ನೀನೇ, ಅದರ ಮೇಲೆ ಕೂತು ಫೋಟೋ ತೆಗೆಸಿಕೊಳ್ಳೋನೂ ನೀನೇ," ಎಂದು ವೆಂಡಲ್ ಮಗನಿಗೆ ಹನ್ನೆರಡನೆಯ ವಯಸ್ಸಿನಲ್ಲೇ ಹೇಳಿದ್ದ. ಫೋಟೋಗಳಲ್ಲಿ ಹೆಚ್ಚಾಗಿ ಬೇರೆಯವರೇ ಬಂದರು. ಸೋಫಾವನ್ನು ಮಾತ್ರ ಟ್ರೆಂಟ್ ತಪ್ಪದೆ ಹೊತ್ತ.

ಅವತ್ತು ಸಂಜೆ ಊಟಕ್ಕೆ ಹುರಿದ ಕೋಳಿ, ಬೀನ್ಸು, ಬೆಣ್ಣೆ ಹಾಕಿ ಹಿಸುಕಿದ ಆಲೂಗಡ್ಡೆ.

"ತಂಡದವರು ಫೋನ್ ಮಾಡಿದ್ರು. ಇನ್ನೊಂದು ವರ್ಷಕ್ಕೆ ಕರೀತಿದ್ದಾರೆ," ಎಂದ ಟ್ರೆಂಟ್.

"ನೀನೇನಂದೆ?" ಡೇನಾ ಕೇಳಿದಳು.

"ಯೋಚನೆ ಮಾಡ್ತೀನಿ ಅಂದೆ."

"ಇದರಲ್ಲಿ ಯೋಚನೆ ಮಾಡೋಕೇನಿದೆ?"

ಈ ಮಾತು ವೆಂಡಲನ ಬಾಯಿಂದಲೂ ಡೇನಾಳ ಬಾಯಿಂದಲೂ ಒಟ್ಟಿಗೇ ಬಂತು. ಒಂಬತ್ತು ವರ್ಷದ ಮೊಮ್ಮಗಳು ಹ್ಯಾಟಿ ಕಿಸಕ್ಕೆಂದು ನಕ್ಕಳು. ದೊಡ್ಡವರು ನಗಲಿಲ್ಲ. ಮಾತು ಒಂದೇ ಆದರೂ ಒಬ್ಬರದು ಉತ್ತರಕ್ಕೆ, ಇನ್ನೊಬ್ಬರದು ದಕ್ಷಿಣಕ್ಕೆ ಎಂಬುದು ಮೇಜಿನ ಸುತ್ತ ಎಲ್ಲರಿಗೂ ಗೊತ್ತಿತ್ತು.

"ಹತ್ತು ವರ್ಷ ಕಣಮ್ಮ," ಎಂದ ವೆಂಡಲ್. "ಈ ಜಾಗದಲ್ಲಿ ಹತ್ತು ವರ್ಷ ನಿಂತವರನ್ನ ಬೆರಳಲ್ಲಿ ಎಣಿಸಬಹುದು. ಒಂಬತ್ತಕ್ಕೆ ಬಿಟ್ರೆ ಊಟದ ಮಧ್ಯೆ ಎದ್ದು ಬಂದ ಹಾಗೆ."

"ಮಧ್ಯದಲ್ಲಾದ್ರೂ ಎದ್ದು ಬರ್ಲಿ ವೆಂಡಲ್. ತಾನಾಗೇ ಎದ್ದು ಬರೋಕೆ ಆಗೋವಾಗ್ಲೇ ಬರ್ಲಿ."

"ನೀನು ಸುಮ್ನೆ ಹೆದರ್ತೀಯ."

"ಇವತ್ತು ಹುಲ್ಲು ಎಷ್ಟು ಸಲ ಕತ್ತರಿಸಿದ, ಹೇಳಿ ನೋಡೋಣ. ನೀವೂ ಅಲ್ಲೇ ಕೂತಿದ್ರಲ್ಲ."

ವೆಂಡಲ್ ಕೋಳಿಯ ಮೂಳೆಯನ್ನು ತಟ್ಟೆಯಲ್ಲಿ ಅತ್ತಿತ್ತ ತಿರುಗಿಸಿದ. ಟ್ರೆಂಟ್ ಯಾರ ಮುಖವನ್ನೂ ನೋಡದೆ, "ನಾನು ಇಲ್ಲೇ ಇದ್ದೀನಿ. ನನ್ನ ವಿಷಯ ನನ್ನ ಎದುರಿಗೇ ಹೀಗೆ ಮಾತಾಡ್ಬೇಡಿ," ಅಂದ.

ಡೇನಾ ಕೈಯೊರೆಸುವ ಬಟ್ಟೆ ಮಡಿಸಿಟ್ಟಳು. ಹಲ್ಲಿನ ಡಾಕ್ಟರ ಹತ್ತಿರ ಕೆಲಸ ಮಾಡಿದವಳು. ಬಾಯಿ ಮುಚ್ಚಿಕೊಂಡಿರುವವರಿಂದ ಬಾಯಿ ತೆರೆಸುವುದು ಅವಳಿಗೆ ಗೊತ್ತಿತ್ತು.

"ಸರಿ, ನಿನ್ನ ಎದುರಿಗೇ ಹೇಳ್ತೀನಿ. ತರಬೇತಿ ಕ್ಯಾಂಪಿಗೆ ಮೊದಲು ಜುಲೈಯಲ್ಲಿ ನಿಮಗೆಲ್ಲ ತಲೆ ಪರೀಕ್ಷೆ ಮಾಡ್ತಾರಲ್ಲ, ಪ್ರತಿ ವರ್ಷದ್ದು. ಹಿಂದಿನ ವರ್ಷಗಳಿಗಿಂತ ಒಂದೇ ಒಂದು ಅಂಕ ಕಡಿಮೆ ಬಂದ್ರೂ ಮುಗೀತು, ನೀನು ಮನೇಲಿರ್ತೀಯ. ಕಡಿಮೆ ಬರ್ಲಿಲ್ವಾ, ಆಡು. ನಾನು ಆಮೇಲೆ ತುಟಿ ಬಿಚ್ಚಲ್ಲ."

"ಆಯ್ತು," ಅಂದ ಟ್ರೆಂಟ್.

"ನನಗೆ ಮಾತ್ರ ಸುಳ್ಳು ಹೇಳ್ಬೇಡ. ಅಷ್ಟು ಸಾಕು ನನಗೆ."

"ಆಯ್ತು ಅಂದೆನಲ್ಲ ಕಣೇ."

ವೆಂಡಲನಿಗೆ ಬೀನ್ಸು ಗಂಟಲಲ್ಲಿ ಸಿಕ್ಕಿತು. ನೀರು ಕುಡಿದು ಸುಧಾರಿಸಿಕೊಂಡ.

ಆ ಪರೀಕ್ಷೆಯ ಗುಟ್ಟು ಆ ಮೇಜಿನಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಸೀಸನ್ನಿಗೆ ಮುಂಚೆ ಆಟಗಾರರನ್ನು ಕಂಪ್ಯೂಟರಿನ ಮುಂದೆ ಕೂರಿಸುತ್ತಾರೆ. ಹನ್ನೆರಡು ಪದ ತೋರಿಸಿ, ಸ್ವಲ್ಪ ಹೊತ್ತು ಬಿಟ್ಟು, ಯಾವುವು ನೆನಪಿವೆ ಎಂದು ಕೇಳುತ್ತಾರೆ. ಆ ಅಂಕವೇ ಆ ತಲೆಯ ಆರೋಗ್ಯದ ಅಳತೆ. ಮುಂದೆ ಆಟದಲ್ಲಿ ತಲೆಗೆ ಪೆಟ್ಟು ಬಿದ್ದರೆ ಮತ್ತೆ ಅದೇ ಪರೀಕ್ಷೆ. ಅಂಕ ಕುಸಿದರೆ ವಾರಗಟ್ಟಲೆ ಬೆಂಚು, ಕುಸಿಯದಿದ್ದರೆ ಭಾನುವಾರ ಮೈದಾನ. ಹಾಗಾಗಿ ಮೊದಲ ಅಂಕ ಎಷ್ಟು ಕಡಿಮೆ ಇದ್ದರೆ ಅಷ್ಟು ಕ್ಷೇಮ ಎಂದು ಈ ಆಟದವರು ಎಂದೋ ಲೆಕ್ಕ ಹಾಕಿಬಿಟ್ಟಿದ್ದರು. ಟ್ರೆಂಟನ ಮೊದಲ ವರ್ಷ ವೆಂಡಲ್ ಫೋನಿನಲ್ಲಿ ಹೇಳಿಕೊಟ್ಟಿದ್ದ: "ನಾಲ್ಕು ಬಿಡು. ಐದು ಬಿಟ್ರೆ ಕಂಪ್ಯೂಟರಿಗೆ ಅನುಮಾನ ಬರುತ್ತೆ. ಮೂರು ಬಿಟ್ರೆ ಸಾಲಲ್ಲ. ಹನ್ನೆರಡರಲ್ಲಿ ಎಂಟು ಹೇಳು, ನಾಲ್ಕು ಬಿಡು."

ಹೈಸ್ಕೂಲಿನ ತನ್ನ ಹುಡುಗರಿಗೂ ಅವನು ಇದನ್ನೇ ಹೇಳಿಕೊಡುತ್ತಿದ್ದ. ಶೂ ಲೇಸು ಬಿಗಿಯಾಗಿ ಕಟ್ಟು ಅನ್ನುವಷ್ಟೇ ಸಲೀಸಾಗಿ. ಅದು ಮೋಸವೆಂದು ಅವನಿಗೆ ಅನ್ನಿಸಿರಲೇ ಇಲ್ಲ. ಒಂಬತ್ತು ವರ್ಷದಲ್ಲಿ ಟ್ರೆಂಟನ ತಲೆ ಐದು ಸಲ ಗಿರ್ರೆಂದಿತ್ತು. ಐದು ಸಲವೂ ಅವನು ಕಣ್ಣು ಕತ್ತಲೆಯಾಗುತ್ತಿದ್ದರೂ ಹೇಗೋ ಎಂಟು ಪದ ಹೇಳಿ ಮುಂದಿನ ಭಾನುವಾರ ಆಡಿದ್ದ. ಕೈಗೆ ಬಂದ ಚೆಂಡನ್ನು ಬಿಡದ ಮಗನಿಗೆ ಬಾಯಿಗೆ ಬಂದ ಉತ್ತರ ಬಿಡುವುದನ್ನು ಕಲಿಸಿದವನು ಹೆತ್ತ ಅಪ್ಪ.

ಈಗ ಸೊಸೆ ಹಾಕಿದ ಕರಾರು ಕೇಳಿ ಅವನಿಗೆ ಮೊದಲು ಗಾಬರಿಯಾಗಿ, ಆಮೇಲೆ ಹಗುರವಾಯಿತು. ಈ ಸಲವೂ ನಾಲ್ಕು ಬಿಟ್ಟರಾಯಿತು. ಎಂದಿನ ಎಂಟೇ ಬರುತ್ತದೆ. ಡೇನಾ ತುಟಿ ಬಿಚ್ಚುವುದಿಲ್ಲ. ಹತ್ತು ವರ್ಷ ಪೂರ್ತಿಯಾಗುತ್ತದೆ.

ಜೂನ್ ತಿಂಗಳು ಹೀಗೆ ಕಳೆಯಿತು: ಟ್ರೆಂಟ್ ಬೆಳಿಗ್ಗೆ ಆರು ಮೊಟ್ಟೆ ತಿಂದು ಕಸರತ್ತಿಗೆ ಹೋಗುತ್ತಿದ್ದ, ಬಂದು ಸೊಂಟಕ್ಕೆ ಮಂಜುಗಡ್ಡೆ ಕಟ್ಟಿಕೊಂಡು ನೆಲದ ಮೇಲೆ ಮಲಗುತ್ತಿದ್ದ. ಬೆಳಕು ಚುಚ್ಚುತ್ತದೆಂದು ತಿಂಡಿಯ ಹೊತ್ತಿನಲ್ಲೂ ಕಪ್ಪು ಕನ್ನಡಕ. ಹಾಲಿನ ಡಬ್ಬ ಎರಡು ಸಲ ತಟ್ಟೆಗಳ ಕಪಾಟಿನಲ್ಲಿ ಸಿಕ್ಕಿತು. ಎರಡನೆಯ ಸಲ ಹಾಲು ಒಡೆದು ನಾರುತ್ತಿತ್ತು. ಡೇನಾ ಮಾತಾಡದೆ ಕಪಾಟು ತೊಳೆದಳು. ಅವಳು ಬೈದಿದ್ದರೆ ವೆಂಡಲನಿಗೆ ವಾಸಿ ಅನಿಸುತ್ತಿತ್ತು.

ಹ್ಯಾಟಿಗೆ ಇಸ್ಪೀಟಿನ ಜೋಡಿ ಎಲೆ ಹುಡುಕುವ ಆಟದ ಹುಚ್ಚು. ಎಲೆಗಳನ್ನೆಲ್ಲ ಕವುಚಿಟ್ಟು, ಎರಡೆರಡು ತಿರುಗಿಸಿ, ಎಲ್ಲಿ ಯಾವುದಿತ್ತೆಂದು ನೆನಪಿಟ್ಟು ಜೋಡಿ ಮಾಡಬೇಕು. ದಿನಾ ಊಟದ ಪಾತ್ರೆ ತೊಳೆದ ಮೇಲೆ ಅಪ್ಪನನ್ನು ಹಿಡಿದು ಕೂರಿಸುತ್ತಿದ್ದಳು.

"ತಾತಾ, ಅಪ್ಪ ಬೇಕಂತ ಸೋಲ್ತಾನೆ," ಎಂದು ಒಂದು ದಿನ ದೂರು ತಂದಳು. "ನಾನಿನ್ನೂ ಪುಟ್ಟ ಮಗು ಅಂದ್ಕೊಂಡಿದ್ದಾನೆ. ಈಗ ತಾನೇ ತಿರುಗಿಸಿದ ಎಲೆನೂ ತಪ್ಪು ಎತ್ತುತ್ತಾನೆ."

"ನೀನು ಗೆಲ್ಲಲಿ ಅಂತ ಕಣಮ್ಮ," ಎಂದ ವೆಂಡಲ್. ಹೇಳುವಾಗ ಅವನಿಗೂ ಅದೇ ನಿಜವೆನಿಸಿತು. ಅಥವಾ ನಿಜವಿರಲಿ ಅನಿಸಿತು.

ಒಂದು ಬೆಳಿಗ್ಗೆ ಡೇನಾ ಜೋಳದ ತೆನೆ ತರಲು ರಸ್ತೆ ಬದಿಯ ತೋಟದಂಗಡಿಗೆ ಹೊರಟಾಗ ಮಾವನನ್ನೂ ಕಾರಿನಲ್ಲಿ ಕೂರಿಸಿಕೊಂಡಳು. ಅವಳು ಹಾಗೆ ಕರೆಯುವವಳಲ್ಲ. ತೆನೆಯ ಸಿಪ್ಪೆ ಸ್ವಲ್ಪ ಸ್ವಲ್ಪ ಬಿಚ್ಚಿ ನೋಡುತ್ತ, ತಲೆ ಎತ್ತದೆ ಕೇಳಿದಳು:

"ಅವನನ್ನ ಹುಟ್ಟಿದಾಗಿಂದ ನೋಡಿದವರು ನೀವು. ನಿಜ ಹೇಳಿ. ಬದಲಾಗಿದ್ದಾನಾ?"

"ಮೂವತ್ತೆರಡು ವರ್ಷ ಆಯ್ತಲ್ಲಮ್ಮ. ಎಲ್ಲರೂ ಬದಲಾಗ್ತಾರೆ."

"ನಾನು ಕೇಳಿದ್ದು ಅದಲ್ಲ."

"ಸುಸ್ತು ಅಷ್ಟೇ. ಬಿಸಿಲು ಬೇರೆ."

ಡೇನಾ ಒಂದು ಡಜನ್ ತೆನೆ ಚೀಲಕ್ಕೆ ಹಾಕಿದಳು. "ಮೊನ್ನೆ ಹ್ಯಾಟಿಯನ್ನ ಈಜು ತರಗತಿಯಿಂದ ಕರ್ಕೊಂಡು ಬರೋಕೆ ಹೋದವನು ನಮ್ಮ ಬೀದಿ ತಿರುವಿನಲ್ಲಿ ಕಾರು ನಿಲ್ಲಿಸಿ ಕೂತುಬಿಟ್ಟಿದ್ನಂತೆ. ‘ಎಡಕ್ಕೆ ಅಪ್ಪಾ’ ಅಂತ ಮಗೂನೇ ಹೇಳಿಕೊಡ್ಬೇಕಾಯ್ತಂತೆ. ನನಗೆ ಹೇಳಬಾರ್ದು ಅಂತ ಅವಳಿಗೆ ಐಸ್‌ಕ್ರೀಮ್ ಕೊಡಿಸಿದ್ದಾನೆ. ಅವಳು ಐಸ್‌ಕ್ರೀಮ್ ತಿಂದು ಬಂದು ಹೇಳಿದಳು."

ವೆಂಡಲ್ ದುಡ್ಡು ಕೊಡಲು ಜೇಬಿಗೆ ಕೈ ಹಾಕಿದ. ಅವಳು ಬೇಡವೆಂದಳು.

ಜುಲೈ ಮೊದಲ ವಾರ ಬಟ್ಟಲು ಒಡೆದದ್ದು. ತಿಂಡಿಯ ಹೊತ್ತು. ಹ್ಯಾಟಿ ಸಿರಿಯಲ್ ತಿನ್ನುತ್ತ ಚಮಚವನ್ನು ಬಟ್ಟಲಿಗೆ ಟಿಣಿ ಟಿಣಿ ಬಡಿಯುತ್ತಿದ್ದಳು.

"ಸದ್ದು ಮಾಡ್ಬೇಡ ಪುಟ್ಟಾ," ಅಂದ ಟ್ರೆಂಟ್.

ಅವಳು ನಿಲ್ಲಿಸಿದಳು. ಮಕ್ಕಳಲ್ಲವೇ, ಎರಡು ನಿಮಿಷಕ್ಕೆ ಕೈ ಮತ್ತೆ ಆಡಿತು. ಟ್ರೆಂಟ್ ಎದ್ದು ಬಟ್ಟಲನ್ನು ಕಿತ್ತುಕೊಂಡು ಗೋಡೆಗೆ ಎಸೆದ. ಹಾಲು ಕ್ಯಾಲೆಂಡರಿನ ಮೇಲೆ ಇಳಿಯಿತು. ಹ್ಯಾಟಿ ಅಳಲಿಲ್ಲ. ಕುರ್ಚಿಯಿಂದ ಇಳಿದು ಚೂರುಗಳನ್ನು ಒಂದೊಂದಾಗಿ ಎತ್ತತೊಡಗಿದಳು. ಟ್ರೆಂಟ್ ತನ್ನ ಕೈಯನ್ನೇ ನೋಡುತ್ತ ನಿಂತಿದ್ದ.

"ಮುಟ್ಟಬೇಡ ಅದನ್ನ, ಕೈ ಕುಯ್ಯುತ್ತೆ," ಎಂದು ಡೇನಾ ಮಗಳನ್ನು ಎತ್ತಿಕೊಂಡಳು. ಒಂಬತ್ತು ವರ್ಷದವಳನ್ನು, ಮೂರು ವರ್ಷದವಳಂತೆ ಸೊಂಟದ ಮೇಲೆ. ಮಧ್ಯಾಹ್ನದೊಳಗೆ ತಾಯಿ ಮಗಳು ಡೇನಾಳ ಅಕ್ಕನ ಮನೆಗೆ ಹೊರಟುಹೋದರು.

ನಾಲ್ಕು ದಿನ ಮನೆಯಲ್ಲಿ ಅಪ್ಪ ಮಗ ಇಬ್ಬರೇ. ವೆಂಡಲ್ ಡಬ್ಬಿಯ ಬೀನ್ಸು ಬಿಸಿಮಾಡಿದ, ಪ್ಯಾನ್‌ಕೇಕು ಸೀಯಿಸಿ ಹಾಕಿದ. ಇಬ್ಬರೂ ಸಿಂಕಿನ ಹತ್ತಿರ ನಿಂತೇ ತಿಂದರು.

"ಮಗು ಹೆದರಿಕೊಂಡಳಾ ಅಪ್ಪಾ?" ಎಂದು ಟ್ರೆಂಟ್ ಕೇಳಿದ.

"ಸ್ವಲ್ಪ."

"ಎಸೀಬೇಕು ಅಂತ ನನ್ನ ಮನಸ್ಸಲ್ಲೇ ಇರ್ಲಿಲ್ಲ. ಕೈ ಹೋಯ್ತು. ಹೋದ ಮೇಲೆ ನನಗೆ ಗೊತ್ತಾಗಿದ್ದು."

ಇಷ್ಟು ದೊಡ್ಡ ದೇಹದೊಳಗಿಂದ ಬಂದದ್ದು ಇಷ್ಟು ಸಣ್ಣ ದನಿ. ಅವತ್ತೇ ಅವನು ‘ಸಾಕು ಮಗಾ, ಬಿಟ್ಟುಬಿಡು’ ಎನ್ನಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ಊರಿನ ಕಾಫಿ ಅಂಗಡಿಯ ಗೆಳೆಯರು ಹಿಂದಿನ ದಿನವಷ್ಟೇ ಫೋನ್ ಮಾಡಿ, "ಕೋಚ್, ಹತ್ತನೇ ವರ್ಷಕ್ಕೆ ನಾವೆಲ್ಲ ಬಸ್ಸು ಮಾಡಿಕೊಂಡು ಬರ್ತೀವಿ," ಎಂದಿದ್ದರು. ಅವನು ಹೇಳಿದ್ದು ಇಷ್ಟು: "ಕ್ಯಾಂಪು ಶುರುವಾದ್ರೆ ಎಲ್ಲ ಸರಿಹೋಗುತ್ತೆ. ಖಾಲಿ ಕೂತಿದ್ದಕ್ಕೆ ಹೀಗೆ." ಈ ಮಾತಿಗಾಗಿ ಅವನು ತನ್ನನ್ನು ಕ್ಷಮಿಸಿಕೊಳ್ಳಲಾರ, ಕ್ಷಮಿಸಿಕೊಳ್ಳಲೂಬಾರದು.

ಐದನೆಯ ದಿನ ಡೇನಾ ಬಂದಳು. ಬಾಗಿಲಲ್ಲೇ ನಿಂತು ಗಂಡನಿಗೆ, "ಪರೀಕ್ಷೆ ಯಾವತ್ತು?" ಎಂದಳು.

"ಇಪ್ಪತ್ತೆರಡಕ್ಕೆ."

"ಅಲ್ಲಿವರೆಗೆ ನಾವು ಇಲ್ಲಿರ್ತೀವಿ. ಆಮೇಲಿಂದು ಆ ಪರೀಕ್ಷೆ ಹೇಳಿದ ಹಾಗೆ."

ಇಪ್ಪತ್ತೆರಡರ ಬೆಳಿಗ್ಗೆ ಟ್ರೆಂಟ್ ಪಿಕಪ್ಪು ಹತ್ತಿದಾಗ ವೆಂಡಲ್ ಕೋಲೂರುತ್ತ ಹೋಗಿ ಗಾಜು ತಟ್ಟಿದ. ಅಡುಗೆಮನೆಯ ಕಿಟಕಿಯ ಕಡೆ ಬೆನ್ನು ಮಾಡಿ, ಎದೆಯ ಹತ್ತಿರ ನಾಲ್ಕು ಬೆರಳು ತೋರಿಸಿದ. ಟ್ರೆಂಟ್ ತಲೆಯಾಡಿಸಿದ.

ಮಾರನೆಯ ದಿನ ಮಧ್ಯಾಹ್ನ ತಂಡದ ಡಾಕ್ಟರು ಫೋನ್ ಮಾಡಿದರು. ಎಲ್ಲರೂ ಕೇಳಲಿ ಎಂದು ಡೇನಾ ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರು ಹಾಕಿದಳು.

"ಟ್ರೆಂಟ್, ನಿನ್ನ ತಲೆ ಕಬ್ಬಿಣದ್ದಪ್ಪ," ಎಂದಿತು ಡಾಕ್ಟರ ದನಿ. "ಒಂಬತ್ತು ವರ್ಷದ ಅಂಕ ಸಾಲಾಗಿ ಇಟ್ಕೊಂಡು ನೋಡಿದೆ. ಹನ್ನೆರಡಕ್ಕೆ ಎಂಟು, ಎಂಟು, ಎಂಟು. ಈ ವರ್ಷವೂ ಎಂಟು. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಇಷ್ಟು ಪೆಟ್ಟು ತಿಂದವರಲ್ಲಿ ಹೀಗಿರೋನು ನೀನೊಬ್ಬನೇ."

ಡೇನಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಭುಜ ಅಲುಗುತ್ತಿತ್ತು. ಆಮೇಲೆ ಎದ್ದು ಗಂಡನನ್ನು ತಬ್ಬಿದಳು, ಮಗಳನ್ನು ತಬ್ಬಿದಳು. ಮೂರು ವರ್ಷದಲ್ಲಿ ಮೊದಲ ಸಲ ಮಾವನನ್ನೂ ತಬ್ಬಿದಳು.

"ನಾನು ಸುಮ್ಮಸುಮ್ಮನೆ ನಿಮ್ಮನ್ನೆಲ್ಲ ಕಾಡಿಬಿಟ್ಟೆ ವೆಂಡಲ್. ನೀವು ಹೇಳಿದ್ದೇ ಸರಿ. ಸುಸ್ತು, ಬಿಸಿಲು."

ಅವಳ ಕಣ್ಣೀರು ಅವನ ಅಂಗಿಗೆ ತಾಗಿತು. ವೆಂಡಲ್ ಅವಳ ಬೆನ್ನು ತಟ್ಟಿದ. ಇಷ್ಟು ಸುಲಭವಾಗಿ ಆಯಿತಲ್ಲ ಎಂದುಕೊಂಡ. ಒಳಗೆಲ್ಲೋ ಅಳುಕಿತ್ತು, ನಿಜ. ಆದರೆ ಬಸ್ಸು ಮಾಡಿಕೊಂಡು ಬರುವವರ ನೆನಪೂ ಆಯಿತು.

ಸಂಜೆ ಟ್ರೆಂಟ್ ತಂಡದ ಕರಾರಿಗೆ ಸಹಿ ಹಾಕಿದ. ಡೇನಾ ಪೀಚ್ ಹಣ್ಣಿನ ಪೈ ಒಲೆಗಿಟ್ಟಳು. ಹಿತ್ತಲಿನಲ್ಲಿ ಗ್ರಿಲ್ ಮೇಲೆ ಹಂದಿಯ ಪಕ್ಕೆಲುಬು ಚುಂಯ್ಗುಡುತ್ತಿತ್ತು. ಟ್ರೆಂಟ್ ಇಕ್ಕಳ ಹಿಡಿದು ನಿಂತಿದ್ದ. ಬಹಳ ದಿನದ ಮೇಲೆ ಶಿಳ್ಳೆ ಹಾಕುತ್ತಿದ್ದ. ವೆಂಡಲ್ ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಹೋಗಿ ಕೂತ. ಒಳ್ಳೆಯ ಆಟದ ನಂತರ ಯಾವ ಅಪ್ಪನೂ ಕೇಳುವ ಹಾಗೆ, ದನಿ ತಗ್ಗಿಸಿ ಕೇಳಿದ:

"ಈ ಸಲ ಯಾವ ನಾಲ್ಕು ಬಿಟ್ಟೆಯೋ?"

"ಯಾವುದನ್ನೂ ಬಿಡ್ಲಿಲ್ಲ."

"ಅಂದ್ರೆ?"

"ಡೇನಾಗೆ ಮಾತು ಕೊಟ್ಟಿದ್ದೆನಲ್ಲ ಅಪ್ಪಾ, ಸುಳ್ಳು ಹೇಳಲ್ಲ ಅಂತ. ಸುಳ್ಳು ಪರೀಕ್ಷೆ ಕೊಟ್ಟು ಅವಳ ಮುಖ ಹೇಗೆ ನೋಡ್ಲಿ? ಈ ಸಲ ನೆನಪಿದ್ದದ್ದನ್ನೆಲ್ಲ ಹೇಳಿದೆ. ಚೆನ್ನಾಗಿ ಹೇಳ್ಬೇಕು ಅಂತ ಹಿಂದಿನ ದಿನ ಬೇಗ ಮಲಗಿದ್ದೆ ಬೇರೆ."

ವೆಂಡಲ್ ಕುರ್ಚಿಯನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡ.

"ಎಲ್ಲ ಹೇಳಿದೆಯಾ?"

"ಎಲ್ಲ. ನೋಡು, ಆದರೂ ಎಂಟೇ ಬಂತು. ಒಂಬತ್ತು ವರ್ಷ ಸುಮ್ಮನೆ ಕಷ್ಟಪಟ್ಟು ನಾಲ್ಕು ಬಿಟ್ವಿ. ಬಿಟ್ರೂ ಎಂಟು, ಬಿಡದಿದ್ರೂ ಎಂಟು." ಟ್ರೆಂಟ್ ನಕ್ಕು ಪಕ್ಕೆಲುಬು ತಿರುವಿ ಹಾಕಿದ.

ಈಗ ತಿಳಿಯುತ್ತದೆ, ಈಗ ತಿಳಿಯುತ್ತದೆ ಎಂದು ವೆಂಡಲ್ ಮಗನ ಮುಖವನ್ನೇ ನೋಡಿದ. ಎದುರು ಪಾಳಯದ ಹನ್ನೊಂದು ಜನ ನಿಂತ ರೀತಿ ನೋಡಿ ಮುಂದಿನ ಹೆಜ್ಜೆ ಹೇಳಬಲ್ಲ ಹುಡುಗ. ಹನ್ನೆರಡು ಗೊತ್ತಿದ್ದಾಗ ನಾಲ್ಕು ಬಿಟ್ಟರೆ ಎಂಟು. ಒಂದನ್ನೂ ಬಿಡದೆ ಎಂಟು ಬಂದರೆ ಉಳಿದ ನಾಲ್ಕು ಎಲ್ಲಿ ಹೋದವು? ಹ್ಯಾಟಿ ಕೂಡ ಬೆರಳೆಣಿಸಿ ಹೇಳುವ ಲೆಕ್ಕ. ಟ್ರೆಂಟ್ ಶಿಳ್ಳೆ ಹಾಕುತ್ತ ಮಾಂಸಕ್ಕೆ ಸಾಸು ಸವರಿದ. ಅವನಿಗೆ ತಿಳಿಯಲಿಲ್ಲ.

ಊಟವಾಯಿತು. ಯಾರು ಏನು ಮಾತಾಡಿದರೆಂದು ವೆಂಡಲನಿಗೆ ನೆನಪಿಲ್ಲ. ಪೈ ರುಚಿ ತಿಳಿಯಲಿಲ್ಲ. ಡೇನಾ ತಟ್ಟೆ ತೊಳೆಯಲು ನಿಂತಾಗ ಅವನು ಒರೆಸುವ ಬಟ್ಟೆ ಹಿಡಿದು ಪಕ್ಕದಲ್ಲಿ ನಿಂತ. ಮೂರು ತಟ್ಟೆ ಒರೆಸಿದ. ನಾಲ್ಕನೆಯದನ್ನು ಹಿಡಿದುಕೊಂಡೇ ಎಲ್ಲ ಹೇಳಿಬಿಟ್ಟ.

ಅವಳು ನಲ್ಲಿ ನಿಲ್ಲಿಸಿದಳು.

"ಎಷ್ಟು ವರ್ಷ?"

"ಒಂಬತ್ತೂ ವರ್ಷ."

"ಯಾರು ಹೇಳಿಕೊಟ್ಟದ್ದು?"

"ನಾನು."

ಬೈಯುತ್ತಾಳೆ, ತಟ್ಟೆ ಎಸೆಯುತ್ತಾಳೆ, ಮನೆಯಿಂದ ಹೊರಗೆ ಹಾಕುತ್ತಾಳೆ ಎಂದು ಕಾದ. ಅವಳು ಕೈಯ ನೊರೆ ಒರೆಸಿಕೊಂಡಳು.

"ಹಾಗಾದ್ರೆ ಅವನ ನಿಜವಾದ ಅಂಕ ಯಾವಾಗಿಂದ ಇಳೀತಾ ಬಂತು?"

"ಗೊತ್ತಿಲ್ಲ ಕಣಮ್ಮ."

"ಹೋದ ವರ್ಷವಾ? ಹ್ಯಾಟಿ ಸ್ಕೂಲಿಗೆ ಸೇರಿದಾಗಲಾ? ಯಾರಿಗೆ ಗೊತ್ತಿರುತ್ತೆ?"

"ಯಾರಿಗೂ ಗೊತ್ತಿಲ್ಲ. ಗೊತ್ತಾಗೋಕೆ ಇದ್ದದ್ದು ಅದೊಂದೇ ದಾರಿ. ಅದನ್ನ ನಾನೇ ಮುಚ್ಚಿಬಿಟ್ಟೆ."

ಜಾಲರಿ ಬಾಗಿಲು ಕಿರ್ರೆಂದಿತು. ಟ್ರೆಂಟ್ ಖಾಲಿ ತಾಟು ಹಿಡಿದು ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ.

"ಟ್ರೆಂಟ್, ಅಪ್ಪ ಹೇಳ್ತಿರೋದು ನಿಜವಾ? ನಾಲ್ಕು ಬಿಡೋದು?" ಎಂದಳು ಡೇನಾ.

ಅವನು ಹೆಂಡತಿಯ ಮುಖ ನೋಡಿದ. ಆ ಮುಖದಲ್ಲಿ ಹತ್ತನೆಯ ವರ್ಷ ಕೈಜಾರುತ್ತಿರುವುದು ಅವನಿಗೂ ಕಂಡಿರಬೇಕು. ತಾಟನ್ನು ಮೆಲ್ಲಗೆ ಕೆಳಗಿಟ್ಟ.

"ಯಾವ ನಾಲ್ಕು?" ಅಂದ. "ಅಪ್ಪಂಗೆ ಏನೋ ಗೊಂದಲ ಆಗಿದೆ. ಈಚೆಗೆ ಹೀಗೇ. ನಿನಗೆ ಹೇಳಿ ಯಾಕೆ ಬೇಜಾರು ಮಾಡೋದು ಅಂತ ಸುಮ್ಮನಿದ್ದೆ."

"ಮಗಾ," ಎಂದ ವೆಂಡಲ್.

"ಹೋಗಿ ಮಲಗು ಅಪ್ಪಾ. ದಣಿದಿದ್ದೀಯ."

ಡೇನಾ ಇಬ್ಬರನ್ನೂ ನೋಡಿದಳು. ಮಾತಾಡಿದ್ದು ಮಾತ್ರ ಮಾವನ ಜೊತೆ. "ಬೆಳಿಗ್ಗೆ ಡಾಕ್ಟರಿಗೆ ಫೋನ್ ಮಾಡಿ. ನಾನು ಪಕ್ಕದಲ್ಲಿ ನಿಂತಿರ್ತೀನಿ. ನನಗೆ ಹೇಳಿದ ಹಾಗೇ ಹೇಳಿ, ಒಂದಕ್ಷರ ಬಿಡಬೇಡಿ."

ಬೆಳಿಗ್ಗೆ ಒಂಬತ್ತಕ್ಕೆ ಫೋನ್ ಮಾಡಿದರು. ಟ್ರೆಂಟ್ ಹೊರಗೆ ಪಿಕಪ್ಪಿಗೆ ಕ್ಯಾಂಪಿನ ಚೀಲಗಳನ್ನು ತುಂಬುತ್ತಿದ್ದ. ವೆಂಡಲ್ ಒಂದಕ್ಷರ ಬಿಡದೆ ಹೇಳಿದ. ಮೊದಲ ವರ್ಷದ ಫೋನು, ಹನ್ನೆರಡು ಪದ, ಐದು ಬಿಟ್ಟರೆ ಅನುಮಾನ, ಮೂರು ಬಿಟ್ಟರೆ ಸಾಲದು, ಎಲ್ಲ. ಡಾಕ್ಟರು ಮಧ್ಯೆ ಬಾಯಿ ಹಾಕದೆ ಕೇಳಿಸಿಕೊಂಡರು.

"ಸರ್, ಟ್ರೆಂಟ್ ಏಳು ಗಂಟೆಗೇ ಫೋನ್ ಮಾಡಿದ್ದ," ಎಂದರು ಆಮೇಲೆ, ಬಹಳ ಮೃದುವಾಗಿ. "ನೀವು ಫೋನ್ ಮಾಡಬಹುದು ಅಂದ. ನಿಮಗೆ ಈಚೆಗೆ ಮರೆವು, ಇಲ್ಲದ್ದು ಇದ್ದ ಹಾಗೆ ಅನ್ನಿಸುತ್ತೆ ಅಂತ ಪಾಪ ತುಂಬ ನೊಂದುಕೊಂಡ. ನನ್ನ ತಾಯಿಗೂ ಹೀಗೇ ಆಗಿತ್ತು. ಬೇಗ ಒಬ್ಬ ಒಳ್ಳೇ ಡಾಕ್ಟರಿಗೆ ತೋರಿಸಿಕೊಳ್ಳಿ."

ಡೇನಾ ಫೋನು ಕಿತ್ತುಕೊಂಡಳು. "ಅವರಿಗೇನೂ ಆಗಿಲ್ಲ. ಆಗಿರೋದು ನನ್ನ ಗಂಡನಿಗೆ. ಈ ಬೇಸಿಗೆ ಪೂರ್ತಿ ನಾನು ಕಣ್ಣಾರೆ ನೋಡಿದ್ದೀನಿ."

"ನೀವು ಅವನು ಆಡೋದು ಬೇಡ ಅಂತಿದ್ದೀರಿ, ಅದನ್ನೂ ಹೇಳಿದ ಮೇಡಂ. ತಪ್ಪಲ್ಲ, ಹೆಂಡತಿಯಾದವರಿಗೆ ಭಯ ಇರುತ್ತೆ. ಆದ್ರೆ ನನ್ನ ಮುಂದೆ ಹತ್ತು ಅಂಕ ಇವೆ, ಹತ್ತೂ ಒಂದೇ ಥರ. ಇದನ್ನ ಇಟ್ಕೊಂಡು ಅವನನ್ನ ಯಾವ ಬಾಯಲ್ಲಿ ನಿಲ್ಲಿಸ್ಲಿ? ನೀವು ಹೇಳಿದ್ದನ್ನ ಬರೆದಿಟ್ಕೋತೀನಿ."

ಹೊರಗೆ ಪಿಕಪ್ಪಿನ ಹಿಂಬಾಗಿಲು ದಡಾರೆಂದು ಮುಚ್ಚಿತು. ಡೇನಾ ಫೋನಿನಲ್ಲಿ ಇನ್ನೂ ವಾದಿಸುತ್ತಿದ್ದಳು. ವೆಂಡಲ್ ಕೋಲನ್ನು ಅಲ್ಲೇ ಬಿಟ್ಟು, ಗೋಡೆ ಹಿಡಿದುಕೊಂಡು ಬಾಗಿಲು ದಾಟಿದ, ಮೆಟ್ಟಿಲು ಇಳಿದ. ಗ್ಯಾರೇಜಿನಿಂದ ರಸ್ತೆಗೆ ಹೋಗುವ ಸಿಮೆಂಟು ಹಾದಿಯ ನಡುವೆ, ಗಾಡಿಯ ಹಿಂದೆ ಹೋಗಿ ನಿಂತ.

ಹಿಂದಿನ ಕೆಂಪು ದೀಪ ಹತ್ತಿತು, ಆರಿತು. ಟ್ರೆಂಟ್ ಕಿಟಕಿಯಿಂದ ತಲೆ ಹಾಕಿ, "ಪಕ್ಕಕ್ಕೆ ಸರಿ ಅಪ್ಪಾ, ಹೊತ್ತಾಯ್ತು," ಅಂದ. ದನಿಯಲ್ಲಿ ಸಿಟ್ಟಿರಲಿಲ್ಲ.

"ಸರಿಯಲ್ಲ. ಹೋಗಬೇಕಾದ್ರೆ ನನ್ನ ಮೇಲೆ ಹತ್ತಿಸಿಕೊಂಡು ಹೋಗು."

"ಅಪ್ಪಾ, ನಗಬೇಕೋ ಅಳಬೇಕೋ ಗೊತ್ತಾಗ್ತಿಲ್ಲ ನನಗೆ. ಸರಿ."

"ತಪ್ಪು ನಂದು ಕಣೋ. ಊರಿಗೆಲ್ಲ ಹೇಳ್ಕೊಂಡು ಬರ್ತೀನಿ ನನ್ನದೇ ತಪ್ಪು ಅಂತ. ನೀನು ಇಳಿ. ಹ್ಯಾಟಿ ನೋಡ್ತಿದ್ದಾಳೆ, ನೋಡು ಮೇಲೆ."

ಟ್ರೆಂಟ್ ಮೇಲೆ ನೋಡಿದ. ಕಿಟಕಿಯಲ್ಲಿದ್ದ ಮಗಳಿಗೆ ಕೈ ಬೀಸಿದ. ಇಳಿದು ಬಂದು ಅಪ್ಪನ ಎದುರಿಗೆ ನಿಂತ. ವೆಂಡಲ್ ಆಪರೇಷನ್ ಆದ ಸೊಂಟವನ್ನೂ ಲೆಕ್ಕಿಸದೆ ಕಾಲು ಅಗಲಿಸಿ, ನೆಲಕ್ಕೆ ಭಾರ ಬಿಟ್ಟು ನಿಂತ. ಮೂವತ್ತು ವರ್ಷ ಹುಡುಗರಿಗೆ ಹೇಳಿಕೊಟ್ಟದ್ದೂ ಹೀಗೇ ನಿಲ್ಲಿ ಎಂದು.

ಟ್ರೆಂಟ್ ಮೊಣಕಾಲು ಬಗ್ಗಿಸಿದ. ಬೆನ್ನು ನೇರ, ಗಲ್ಲ ಮೇಲೆ. ಎರಡು ಅಂಗೈ ಅಪ್ಪನ ಕಂಕುಳ ಕೆಳಗೆ, ಪಕ್ಕೆಗೆ ಒತ್ತಿ ಕೂತವು. ಮೊದಲು ಕೆಳಗಿನಿಂದ ಎತ್ತು, ಆಮೇಲೆ ಪುಟ್ಟ ಪುಟ್ಟ ಹೆಜ್ಜೆಯಲ್ಲಿ ತಳ್ಳು. ಒಂದು ಹೆಜ್ಜೆ, ಎರಡು, ಮೂರು. ಎಲ್ಲೂ ನೋಯಿಸಲಿಲ್ಲ. ಹೇಳಿಕೊಟ್ಟದ್ದರಲ್ಲಿ ಒಂದನ್ನೂ ಅವನು ಬಿಟ್ಟಿರಲಿಲ್ಲ. ಅಪ್ಪನನ್ನು ಹಾದಿಯ ಪಕ್ಕದ ಹುಲ್ಲಿನ ಮೇಲೆ ನಿಲ್ಲಿಸಿ, ಬೀಳದಂತೆ ಒಂದು ಕ್ಷಣ ಭುಜ ಹಿಡಿದುಕೊಂಡ.

"ನಿಂತ್ಕೋತೀಯಲ್ಲ?" ಎಂದು ಕೇಳಿದ.

"ನಿಂತ್ಕೋತೀನಿ," ಅಂದ ವೆಂಡಲ್.

ಗಾಡಿ ಹಿಂದಕ್ಕೆ ಸರಿದು ರಸ್ತೆಗಿಳಿಯಿತು. ಬೀದಿಯ ತಿರುವಿನಲ್ಲಿ ಅದರ ಕೆಂಪು ದೀಪ ಹತ್ತಿತು. ಅಲ್ಲೇ ನಿಂತಿತು. ಮುಂದೆ ಯಾವ ಗಾಡಿಯೂ ಇರಲಿಲ್ಲ. ಡೇನಾ ಫೋನು ಹಿಡಿದುಕೊಂಡೇ ಓಡಿಬಂದು ಮಾವನ ತೋಳು ಹಿಡಿದಳು. ಅಷ್ಟು ದೂರದಿಂದ ಕೂಗಿದರೆ ಕೇಳುವುದಿಲ್ಲವೆಂದು ಗೊತ್ತಿದ್ದರೂ, ಮಹಡಿಯ ಕಿಟಕಿಯಿಂದ ಹ್ಯಾಟಿ ಕೂಗತೊಡಗಿದಳು:

"ಬಲಕ್ಕೆ ಅಪ್ಪಾ. ಹೋಗೋವಾಗ ಬಲಕ್ಕೆ."